ಒಂದೇ ದಿನದ ಸಮುದ್ರ

ಕಾರ್ತಿಕದ ಒಂದು ಭಾನುವಾರ, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಮನೆಯೊಂದರ ಪಡಸಾಲೆಯಲ್ಲಿ ಮೂವರು ಶೇಂಗಾ ಬಿಡಿಸುತ್ತ ಕೂತಿದ್ದರು. ದೊಡ್ಡಪ್ಪ ಮಳೆ ನಂಬಿದ ಹೊಲದ ರೈತ, ಹರೆಯದಲ್ಲಿ ಕರಾವಳಿಗೆ ಗುಳೆ ಹೋಗಿ ಬಂದವರು. ಅವರ ತಮ್ಮನ ಮಗಳು ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಬಿ.ಇಡಿ. ಓದುವಾಗ ಜೊತೆಯಾದ ಗೆಳತಿಯರೊಂದಿಗೆ ಕಳೆದ ವರ್ಷ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದಿದ್ದಾಳೆ. ಡಿಸೆಂಬರಿನಲ್ಲಿ ಅದೇ ಗುಂಪು ಮತ್ತೆ ಹೊರಟಿದೆ. ಈ ಸಲ ದೊಡ್ಡವ್ವನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಅಂದದ್ದೇ ಮಾತಿಗೆ ಮೊದಲಾಯಿತು. ಇಬ್ಬರ ಮಾತಿಗೂ ತೂಕವಿತ್ತು. ಕೇಳಿದ ಹಾಗೇ ಇಲ್ಲಿ ಕೊಡುತ್ತಿದ್ದೇನೆ.

ದೊಡ್ಡಪ್ಪ: ಹೋಗಬ್ಯಾಡ ಅನ್ನಲ್ಲವ್ವ. ಹೋಗಿ ಏನು ಮಾಡ್ತೀರಿ ಅಂತ ಕೇಳ್ತೀನಿ. ಶನಿವಾರ ಸಾಲಿ ಬಿಟ್ಟ ಮ್ಯಾಲೆ ಗಾಡಿ ಹತ್ತೋದು, ರಾತ್ರಿ ಇಡೀ ಕುಂತು ಆಗುಂಬೆ ಘಾಟಿ ಇಳಿಯೋದು, ಭಾನುವಾರ ದೋಣಿ ಹತ್ತೋದು, ಮತ್ತೆ ರಾತ್ರಿ ಇಡೀ ಕುಂತು ವಾಪಸ್ಸು ಬರೋದು. ಸೋಮವಾರ ಪ್ರಾರ್ಥನೆಗೆ ನಿದ್ದಿಗಣ್ಣಾಗೆ ನಿಲ್ಲೋದು. ಎರಡು ರಾತ್ರಿ ಕೊಟ್ಟು ಒಂದು ಹಗಲು ತರ್ತೀರಿ. ಆ ಹಗಲಾಗೆ ಏನೈತೆ?

ಹುಡುಗಿ: ಕೊಡೋಕೆ ನಮ್ಮ ಹತ್ರ ಇರೋದೇ ಅಷ್ಟು, ದೊಡ್ಡಪ್ಪಾ. ಒಬ್ಬಾಕಿ ಹಡಗಲಿ, ಒಬ್ಬಾಕಿ ಹರಪನಹಳ್ಳಿ, ಒಬ್ಬಾಕಿ ಹಗರಿಬೊಮ್ಮನಹಳ್ಳಿ, ಇನ್ನೊಬ್ಬಾಕಿ ಕೊಟ್ಟೂರು. ಇಬ್ಬರಿಗೆ ಸಣ್ಣ ಮಕ್ಕಳು. ಎಲ್ಲರ ಮನೆಯವರೂ ಒಪ್ಪಿ, ಎಲ್ಲರಿಗೂ ಒಟ್ಟಿಗೆ ರಜಾ ಸಿಕ್ಕಿ, ಎಲ್ಲರ ಕೈಯಾಗೂ ದುಡ್ಡು ಇರೋ ದಿನ ವರ್ಷಕ್ಕೆ ಒಂದು ಬಂದರೆ ಅದೇ ದೊಡ್ಡದು. ಒಂದು ವಾರ ಹೋಗಿ ಇರ್ರಿ ಅಂತ ಯಾರಾದರೂ ಅಂದಿದ್ದರೆ ನಾವ್ಯಾಕೆ ಒಂದೇ ದಿನದಾಗೆ ಬರ್ತಿದ್ವಿ?

ದೊಡ್ಡಪ್ಪ: ನಮ್ಮ ಕಾಲದಾಗೂ ಊರು ಬಿಟ್ಟು ಹೋಗ್ತಿದ್ವಿ. ಕೊಟ್ಟೂರು ತೇರಿಗೆ ನಡಕೊಂಡು ಹೋಗ್ತಿದ್ವಿ. ಮೈಲಾರದ ಕಾರ್ಣಿಕಕ್ಕೆ ಬಂಡಿ ಕಟ್ಟಿ ಹೋಗ್ತಿದ್ವಿ. ಉಜ್ಜಿನಿಗೆ ಎಣ್ಣಿ ಹೊತ್ತು ಹೋಗೋರು, ಶಿಖರಕ್ಕೆ ಎಣ್ಣಿ ಎರೆಯೋದು ನೋಡಿ ಬರೋರು. ಹೋದ ಮ್ಯಾಲೆ ಒಂದು ಹರಕೆ ತೀರ್ತಿತ್ತು, ಇಲ್ಲಾ ಒಂದು ಎತ್ತು ಕೊಂಡು ಬರ್ತಿದ್ವಿ. ನಿಮ್ಮ ಈ ಹೋಗಾಣಕ್ಕೆ ಅಂಥಾ ಕಾರಣ ಏನೈತೆ?

ಹುಡುಗಿ: ಕೊಟ್ಟೂರು ತೇರಿಗೆ ಬಂದವರೆಲ್ಲ ಗುರು ಕೊಟ್ಟೂರೇಶ್ವರನಿಗೆ ಅಂತಲೇ ಬಂದಿರ್ತಾರಾ? ರಾತ್ರಿ ನಾಟಕ ನೋಡೋಕೆ ಬಂದವರು ಎಷ್ಟು ಮಂದಿ, ಬಳೆ ಇಡಿಸಿಕೊಳ್ಳೋಕೆ, ತವರು ಮನೆಯವರು ಸಿಗ್ತಾರೆ ಅಂತ ಬಂದವರು ಎಷ್ಟು ಮಂದಿ? ಹೆಣ್ಣುಮಕ್ಕಳು ಮನೆ ಬಿಟ್ಟು ಒಂದಿನ ಹೊರಗೆ ಉಸಿರಾಡಬೇಕು ಅಂದರೆ ದೇವರ ಹೆಸರು ಹೇಳಬೇಕಾಗಿತ್ತು. ನಾವು ಈಗ ಸಮುದ್ರ ನೋಡಬೇಕು, ಅದಕ್ಕೆ ಹೋಗ್ತೀವಿ ಅಂತ ಇದ್ದದ್ದು ಇದ್ದಂಗೆ ಹೇಳ್ತಿದ್ದೀವಿ.

ದೊಡ್ಡವ್ವ: ನಾನು ಧರ್ಮಸ್ಥಳಕ್ಕೆ ಹೋಗಿ ಬಂದ್ನೆಲ್ಲ, ಬಸ್ಸು ಫ್ರೀ ಆದ ವರ್ಷ. ಅಲ್ಲಿಗೇ ಸಮುದ್ರ ಹತ್ರ ಅಂತ ಯಾರೋ ಅಂದ್ರು. ಹತ್ರ ಇದ್ರೂ ನೋಡಲಿಲ್ಲ.

ಹುಡುಗಿ: ನೋಡ್ರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನಮ್ಮ ಓಣಿಯ ಎಷ್ಟು ಮಂದಿ ಹೆಂಗಸರು ಮೊದಲನೇ ಸಲ ಜಿಲ್ಲೆ ದಾಟಿದ್ರು! ಎಲ್ಲರೂ ಧರ್ಮಸ್ಥಳ, ಕುಕ್ಕೆ ಅಂತ ಹೋದರು, ವಾಪಸ್ಸು ಬಂದರು. ಘಾಟಿ ಇಳಿದವರೂ ನೀರಿನ ತನಕ ಹೋಗಲಿಲ್ಲ. ಬಸ್ಸು ಫ್ರೀ ಆಯ್ತು, ಮನಸ್ಸಿಗೆ ಇನ್ನೂ ಟಿಕೇಟು ಕೇಳ್ತಾರೆ.

ದೊಡ್ಡಪ್ಪ: ನನ್ನನ್ನ ದೇವರು ದಿಂಡರು ಅನ್ನೋ ಮುದುಕ ಅಂತ ಸರಿಸಬ್ಯಾಡ. ಆ ಸಮುದ್ರ ನನಗೆ ನಿನಗಿಂತ ಗೊತ್ತು. ಬರ ಬಿದ್ದಾಗ ಇದೇ ಮಲ್ಪೆ ಬಂದರಿಗೆ ಗುಳೆ ಹೋದವನು ನಾನು. ಮೀನಿನ ಬುಟ್ಟಿ ಹೊತ್ತೀನಿ, ಐಸು ಒಡೆದೀನಿ. ಜೂನ್, ಜುಲೈ ಎರಡು ತಿಂಗಳು ಸರ್ಕಾರದವರು ಮೀನುಗಾರಿಕೆ ಬೋಟು ನಿಲ್ಲಿಸ್ತಾರೆ. ನಮಗೆ ಇಲ್ಲಿ ಬಿತ್ತೋ ಕಾಲ ಅದೇ. ಬೋಟು ದಡಕ್ಕೆ ಕಟ್ಟಿದ ದಿನ ನಾವು ಗಂಟು ಕಟ್ಟಿ ಊರಿಗೆ ಬರ್ತಿದ್ವಿ. ಹಂಗೆ ಎಷ್ಟೋ ವರ್ಷ.

ಹುಡುಗಿ: ದ್ವೀಪ ಕಾಣ್ತಿತ್ತಲ್ಲ?

ದೊಡ್ಡಪ್ಪ: ಮೋಡ ಇಲ್ಲದ ದಿನ ಕಾಣ್ತಿತ್ತು. ತೆಂಗಿನ ಮರ ಕಾಣ್ತಿದ್ವು.

ಹುಡುಗಿ: ಹೋಗಬೇಕು ಅನ್ನಿಸಲಿಲ್ಲಾ?

ದೊಡ್ಡಪ್ಪ: ಅನ್ನಿಸಲಿಲ್ಲ ಅಂದ್ರೆ ಸುಳ್ಳಾಗ್ತದೆ. ದುಡಿಯೋಕೆ ಬಂದವನು ದುಡ್ಡು ಕೊಟ್ಟು ತಿರುಗಾಡೋಕೆ ಹೋಗ್ತಾನೇನು? ಮನ್ಯಾಗೆ ಇಲ್ಲಿ ಇವಳು ಜ್ವಾಳ ಕಡ ತಂದು ಮಕ್ಕಳಿಗೆ ಹಾಕ್ತಿದ್ದಳು. ಟಿಕೇಟು ತಗೊಳ್ಳೋರ ಸಾಲು ನೋಡ್ತಿದ್ದೆ, ಬುಟ್ಟಿ ಹೊತ್ಕೊಂಡು ಮುಂದಕ್ಕೆ ಹೋಗ್ತಿದ್ದೆ.

ಹುಡುಗಿ: ನನಗೆ ಸಿಟ್ಟು ಬರೋದು ಅದಕ್ಕೇ. ಕೊಪ್ಪಳ, ಬಳ್ಳಾರಿ, ವಿಜಯನಗರದ ಜನ ಇವತ್ತಿಗೂ ಕರಾವಳಿಯಾಗೆ ಮನೆ ಕಟ್ಟೋಕೆ, ರಸ್ತೆ ಹಾಕೋಕೆ, ಬೋಟಿಗೆ ಹೋಗ್ತಾರೆ. ನಮ್ಮವರ ಪಾಲಿಗೆ ಸಮುದ್ರ ಅಂದರೆ ಕೂಲಿ ಸಿಗೋ ಜಾಗ. ನಾವು ಐದಾರು ಮಂದಿ ಹೆಣ್ಣುಮಕ್ಕಳು ಕೈಯಾಗೆ ಬುಟ್ಟಿ ಇಲ್ಲದೇ ಅದೇ ಬಂದರಿಗೆ ಹೋಗಿ ಸಾಲಿನಾಗೆ ನಿಂತು ಟಿಕೇಟು ತಗೊಂಡ್ವಿ. ನೀವು ನೋಡ್ತಿದ್ದ ಆ ಸಾಲಿನಾಗೇ. ಅದು ನಿಮಗೆ ದುಂದು ಅನ್ನಿಸ್ತದಾ?

ದೊಡ್ಡಪ್ಪ: ದುಂದು ಅನ್ನಲಿಲ್ಲ ನಾನು.

(ದೊಡ್ಡಪ್ಪ ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದು ಇನ್ನೊಂದು ಬೊಗಸೆ ಕಾಯಿ ಎಳೆದುಕೊಂಡರು. ಅವರು ಸೋತು ಹೀಗೆ ಅಂದರು ಎಂದು ನನಗೆ ಅನ್ನಿಸಲಿಲ್ಲ. ಮುಂದಿನ ಪ್ರಶ್ನೆ ಕೇಳುವಾಗ ದನಿಯಲ್ಲಿ ನಿಜವಾದ ಕುತೂಹಲವೇ ಇತ್ತು.)

ದೊಡ್ಡಪ್ಪ: ಅಲ್ಲಿ ಕಲ್ಲು ಕಂಬ ಅದಾವಂತಲ್ಲ. ಯಾರೋ ಕಡಿದು ನಿಲ್ಲಿಸ್ಯಾರೆ ಅಂತ ನಮ್ಮ ಜೊತೆ ಇದ್ದವರು ಹೇಳ್ತಿದ್ರು.

ಹುಡುಗಿ: ಯಾರೂ ಕಡಿದಿಲ್ಲ. ನಾನು ಹೋಗಿದ್ದೇ ಅದನ್ನ ನೋಡೋಕೆ, ಮಕ್ಕಳಿಗೆ ಪಾಠ ಹೇಳೋಕೆ ಆಗ್ತದೆ ಅಂತ. ಬೆಂಕಿ ಲಾವಾ ನೆಲದಿಂದ ಉಕ್ಕಿ ಬಂದು ಹರಡಿತು. ಮೇಲಿಂದ ಆರ್ತಾ ಬಂತು. ಆರಿದಂಗೆ ಕುಗ್ತದೆ, ಕುಗ್ಗಿದಂಗೆ ಸೀಳು ಬಿಡ್ತದೆ. ನಮ್ಮ ಕೆರೆ ಅಂಗಳ ಬೇಸಿಗೆಯಾಗೆ ಐದು ಮೂಲೆ, ಆರು ಮೂಲೆ ಆಗಿ ಬಾಯಿ ಬಿಡ್ತದಲ್ಲ, ಥೇಟು ಅದೇ ಲೆಕ್ಕ. ಕೆರೆಯಾಗೆ ನೀರು ಹೋಗಿ ಮಣ್ಣು ಕುಗ್ತದೆ, ಅಲ್ಲಿ ಕಾವು ಹೋಗಿ ಕಲ್ಲು ಕುಗ್ಗಿತು. ಸೀಳು ಮೇಲಿಂದ ಒಳಕ್ಕೆ ಇಳಿದು ಇಳಿದು ಇಡೀ ಬಂಡೆ ಕಂಬ ಕಂಬ ಆಯ್ತು. ಕೆಲವು ಐದು ಮುಖದ್ದು, ಕೆಲವು ಆರು, ಏಳು. ಒಂದಕ್ಕೊಂದು ಒತ್ತಿ ನಿಂತಾವೆ. ಕೆಲವು ಅಡ್ಡಬಿದ್ದಾವೆ, ತುದಿ ಮೇಲೆ ಕಾಲಿಟ್ಟು ಮೆಟ್ಟಿಲು ಹತ್ತಿದಂಗೆ ಹತ್ತಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡೈತೆ. ಉತ್ತರ ಐರ್ಲೆಂಡಿನಲ್ಲಿ ಇಂಥದೇ ಕಂಬಗಳ ದಂಡೆ ಒಂದು ಐತೆ, ಅದನ್ನ ನೋಡೋಕೆ ಜಗತ್ತಿನ ಜನ ಹೋಗ್ತಾರೆ. ನಮ್ಮದು ಅದಕ್ಕಿಂತ ಹಳೇದು.

ದೊಡ್ಡಪ್ಪ: ಎಷ್ಟು ವರ್ಷದ್ದು?

ಹುಡುಗಿ: ಸುಮಾರು 8.8 ಕೋಟಿ ವರ್ಷ. ಆವಾಗ ಮಡಗಾಸ್ಕರ್ ಅನ್ನೋ ದೊಡ್ಡ ದ್ವೀಪ ನಮ್ಮ ಈ ನೆಲಕ್ಕೆ ಅಂಟಿಕೊಂಡಿತ್ತು. ಈಗ ಅದು ಆಫ್ರಿಕಾದ ಪಕ್ಕ ಐತೆ. ಎರಡೂ ಸೀಳಿ ದೂರ ಆಗೋ ಹೊತ್ತಿನಾಗೆ ಉಕ್ಕಿದ ಲಾವಾ ಇದು. ಅದೇ ಕಾಲದ ಕಲ್ಲು ಮಡಗಾಸ್ಕರಿನಲ್ಲೂ ಐತೆ. ಆ ಕಂಬದ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿದ್ರೆ, ಒಂದು ಕಾಲಕ್ಕೆ ಇಲ್ಲಿ ನೀರೇ ಇರಲಿಲ್ಲ, ನಡಕೊಂಡು ಹೋಗೋ ನೆಲ ಇತ್ತು ಅಂತ ತಿಳೀತದೆ. ಪುಸ್ತಕದಾಗೆ ಹತ್ತು ಸಲ ಓದಿದ್ದೆ ದೊಡ್ಡಪ್ಪಾ, ಖಂಡಗಳು ಸರೀತವೆ ಅಂತ. ನಂಬಿದ್ದು ಅಲ್ಲಿ ನಿಂತಾಗ.

ದೊಡ್ಡಪ್ಪ: ಮತ್ತೆ ನಮ್ಮ ಗುಡೇಕೋಟೆ ಗುಂಡು?

ಹುಡುಗಿ: ನಮ್ಮ ಭಾಗದ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು. ರಾಮನಗರದಿಂದ ಈ ಕಡೆ ಹಂಪಿ ತನಕ ಅದೇ ಕಲ್ಲಿನ ಸಾಲು ಬಂದೈತೆ.

ದೊಡ್ಡಪ್ಪ: ಹಂಗಾದ್ರೆ ನನ್ನ ಮಾತು ಕೇಳು. ಹಳೇದು ಮನೆ ಹಿಂದೆ ಐತೆ, ನೀವು ಹೊಸದನ್ನ ನೋಡೋಕೆ ಘಾಟಿ ಇಳೀತೀರಿ. ಗುಡೇಕೋಟೆ ಕರಡಿಧಾಮಕ್ಕೆ ನಿನ್ನ ಸಾಲಿ ಮಕ್ಕಳನ್ನ ಎಷ್ಟು ಸಲ ಕರ್ಕೊಂಡು ಹೋಗೀಯಾ? ನೀರಾಗೆ ಇರೋದೇ ಬೇಕು ಅಂದ್ರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಐತೆ. ಜಾಲಿ ಮರ ನೀರಾಗೆ ನಿಂತಾವೆ, ಮರದ ತುಂಬಾ ಕೊಕ್ಕರೆ. ನಡುಗಡ್ಡಿ ಬೇಕು ಅಂದ್ರೆ ಆನೆಗೊಂದಿಯಾಗೆ ನವವೃಂದಾವನ ಐತೆ, ದೋಣಿ ಹತ್ತಿ ಹೊಳಿ ದಾಟಿ ಒಂಬತ್ತು ಯತಿಗಳ ವೃಂದಾವನ ನೋಡಿ ಸಂಜೆಗೆ ಮನೆಗೆ ಬರಬಹುದು. ಒಂದೇ ದಿನ ಇರೋರು ಒಂದು ದಿನದಾಗೆ ಮುಗಿಯೋ ಜಾಗಕ್ಕೆ ಹೋಗಬೇಕು.

ಹುಡುಗಿ: ಅಂಕಸಮುದ್ರಕ್ಕೆ ಹೋಗೀನಿ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿದಾಗ ಮಕ್ಕಳನ್ನೂ ಕರ್ಕೊಂಡು ಹೋಗಿದ್ದೆ. ಅಘನಾಶಿನಿ ಅಳಿವೆ, ಗದಗಿನ ಮಾಗಡಿ ಕೆರೆ ಜೊತೆ ನಮ್ಮ ಕೆರೆಯೂ ಸೇರಿತು ಅಂತ ಹೇಳಿದಾಗ ಮಕ್ಕಳು ಚಪ್ಪಾಳೆ ಹೊಡೆದವು. ಆದರೆ ಹತ್ತಿರದ್ದು ಐತೆ ಅಂತ ದೂರದ್ದು ಬ್ಯಾಡ ಅನ್ನೋದು ನಾನು ಒಪ್ಪಲ್ಲ. ನಮ್ಮ ಕೆರೆಗೆ ಆಚೆ ದಡ ಕಾಣ್ತದೆ. ಆಚೆ ದಡವೇ ಇಲ್ಲದ ನೀರನ್ನ ಈ ಒಣ ನೆಲದ ಮನುಷ್ಯರು ಜೀವಮಾನದಾಗೆ ಒಂದು ಸಲ ನೋಡಬೇಕು. ಹಡಗಲಿಯಾಕಿ ದೋಣಿಯಾಗೆ ಕುಂತಾಗ ಸುಮ್ನೆ ಅಳೋಕೆ ಹತ್ತಿದಳು. ಯಾಕೇ ಅಂದ್ರೆ, ಗೊತ್ತಿಲ್ಲ, ಇಷ್ಟು ನೀರು ಅಂದಳು. ವರ್ಷಾ ಬೇಸಿಗೆ ಬಂದ್ರೆ ಟ್ಯಾಂಕರಿಗೆ ಕೊಡ ಇಟ್ಟು ಕಾಯೋ ಓಣಿಯಾಕಿ ಅವಳು.

ದೊಡ್ಡಪ್ಪ: ಕುಡಿಯೋಕೆ ಬರಲ್ಲ ಆ ನೀರು.

ಹುಡುಗಿ: ಗೊತ್ತು. ನೋಡೋಕೆ ಬರ್ತದೆ.

ದೊಡ್ಡಪ್ಪ: ನೋಡೋಕೆ ಹೋದವರು ಆ ಜಾಗಕ್ಕೆ ಏನು ಮಾಡಿ ಬರ್ತಾರೆ ಅನ್ನೋದೂ ನೋಡಬೇಕು. ಹಂಪಿ ಎದುರಿಗೆ ವಿರೂಪಾಪುರ ಗಡ್ಡಿ ಇತ್ತು, ಭತ್ತ ಬೆಳೆಯೋ ಜಾಗ. ಬರೋರು ಹೆಚ್ಚಾದಂಗೆ ರೆಸಾರ್ಟು ಎದ್ದವು. ಸುಪ್ರೀಂ ಕೋರ್ಟಿನ ತನಕ ಹೋಗಿ 2020ರಾಗೆ ಒಡೆದು ಹಾಕಿದ್ರು. ನೀವು ಹೋದ ದ್ವೀಪದಾಗೆ ಮನೆಯಿಲ್ಲ, ಮಠವಿಲ್ಲ. ಅದನ್ನ ಕಾಯೋಕೆ ಅಲ್ಲಿ ರಾತ್ರಿ ಇರೋರು ಯಾರು?

ಹುಡುಗಿ: ಈ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅಲ್ಲಿ ದಂಡೆ ಅಂದರೆ ಬರೀ ಮರಳಲ್ಲ, ಚಿಪ್ಪು. ಕಾಲಿಟ್ಟಲ್ಲೆಲ್ಲ ಚಿಪ್ಪು. ಮಂದಿ ಚೀಲಕ್ಕೆ ತುಂಬಿಕೊಳ್ತಿದ್ದರು. ಕಂಬದ ಸೀಳಿನಾಗೆ ಬಿಸ್ಕೀಟಿನ ಹಾಳೆ ತುರುಕಿದ್ದರು. ನಾವು ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಪುಡಿ ತಿಂದು ಪೊಟ್ಟಣ ಎಲ್ಲಾ ಹೊತ್ತು ತಂದ್ವಿ. ಆದರೆ ನಾವು ತಂದದ್ದು ಎಷ್ಟು, ಉಳಿದದ್ದು ಎಷ್ಟು! ದ್ವೀಪ ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. ಒಂದು ರಜಾದಿನ ಎಷ್ಟು ಮಂದಿ ತಡೀತದೆ ಅಂತ ಲೆಕ್ಕ ಹಾಕಿ ದೋಣಿ ಬಿಡಬೇಕು ಅಂತ ನನಗೂ ಅನ್ನಿಸಿತು.

ದೊಡ್ಡಪ್ಪ: ಆ ಲೆಕ್ಕದಾಗೆ ನೀನೇ ಹೊರಗೆ ಉಳಿದರೆ?

ಹುಡುಗಿ: ಉಳಿದರೆ ಇನ್ನೊಂದು ದಿನ ಹೋಗ್ತೀನಿ ಅನ್ನಬೇಕು. ಆ ಇನ್ನೊಂದು ದಿನ ನನಗೆ ಇಲ್ಲ ಅನ್ನೋದೇ ಕಷ್ಟ.

ದೊಡ್ಡವ್ವ: ದೋಣಿ ಅಲ್ಲಾಡ್ತದೇನೇ?

ಹುಡುಗಿ: ಅಲ್ಲಾಡ್ತದೆ ದೊಡ್ಡವ್ವಾ. ಮಲ್ಪೆಯಿಂದ ಆರು ಕಿಲೋಮೀಟರಷ್ಟು ದೂರ. ಅರ್ಧ ತಾಸಿನ ಹಾದಿ. ದೊಡ್ಡ ದೋಣಿಯಿಂದ ನಮ್ಮನ್ನ ಸಣ್ಣ ದೋಣಿಗೆ ಇಳಿಸಿ ದಂಡೆಗೆ ಬಿಟ್ಟರು. ಹಂಗೆ ಇಳಿಯುವಾಗ ಮಾತ್ರ ಸ್ವಲ್ಪ ಎದೆ ಹೊಡ್ಕೊಂತು. ನಿನ್ನ ಕೈ ಹಿಡಿಯೋಕೆ ನಾವು ಇರ್ತೀವಿ.

ದೊಡ್ಡಪ್ಪ: ಈಗ ಬಂದೆ ನೋಡು ನಾನು ಕೇಳಬೇಕು ಅಂದಲ್ಲಿಗೆ. 2019ರ ಜನವರಿ 21ಕ್ಕೆ ಕಾರವಾರದ ಹತ್ರ ಕೂರ್ಮಗಡ ನಡುಗಡ್ಡಿಯಾಗೆ ನರಸಿಂಹ ದೇವರ ಜಾತ್ರೆ. ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿತು. 16 ಮಂದಿ ಸತ್ತರು. ನಮ್ಮಂಗೇ ಹೊಲ ಮನೆ ಮಾಡೋ ಹಾವೇರಿ ಜಿಲ್ಲೆಯವರು ಬಹಳ ಮಂದಿ, ಮಕ್ಕಳು ಮರಿ ಕಟ್ಟಿಕೊಂಡು ಹೋದವರು. ನಿನ್ನ ದ್ವೀಪದಾಗೇ 2022ರ ಏಪ್ರಿಲ್‌ನಾಗೆ ಕೇರಳದಿಂದ ಬಂದ ಓದೋ ಹುಡುಗರು ಮೂರು ಮಂದಿ ಹೋದರು. ಕರಾವಳಿ ಮಗ ಅಲೆ ನೋಡಿ ಹಿಂದಕ್ಕೆ ಸರೀತಾನೆ. ನಮ್ಮೋರು ಅಲೆ ನೋಡಿ ಮುಂದಕ್ಕೆ ಓಡ್ತಾರೆ.

ಹುಡುಗಿ: ಆ ಸುದ್ದಿ ನಾನೂ ಓದೀನಿ. ಆದರೆ ನೀರು ಇಲ್ಲಿ ಕೊಲ್ಲಲ್ಲಾ? ಕೃಷಿ ಹೊಂಡಕ್ಕೆ ಬಿದ್ದು, ಕಲ್ಲು ತೆಗೆದ ಗುಂಡಿಗೆ ಬಿದ್ದು ಮಕ್ಕಳು ಸತ್ತ ಸುದ್ದಿ ವರ್ಷಾ ಬರ್ತದೆ. ನಮ್ಮ ಬಾವಿಗಳು ಬತ್ತಿ ಹೋದ ಮೇಲೆ ಊರಾಗೆ ಈಜು ಕಲಿಯೋದೇ ನಿಂತು ಹೋಯ್ತು. ನೀವು ಬಾವಿಯಾಗೆ ಈಜು ಕಲಿತಿರಾ?

ದೊಡ್ಡಪ್ಪ: ಕಲಿಯಬೇಕು ಅಂದಾಗ ಬಾವಿಯಾಗೆ ನೀರಿರಲಿಲ್ಲ. ಮಲ್ಪೆಯಾಗೆ ಬೋಟಿನ ಕೆಲಸಕ್ಕೆ ಕರೆದಾಗಲೂ ನಾನು ಹತ್ತಲಿಲ್ಲ, ಅದಕ್ಕೇ.

ಹುಡುಗಿ: ಅಂದಮೇಲೆ ಬೇಕಾಗಿರೋದು ಕಲಿಸೋದು. ಹೋಗಬ್ಯಾಡ ಅಂತ ತಡೆಯೋದರಿಂದ ಏನೂ ಆಗಲ್ಲ. ದಂಡೆಗೆ ಬಂದ ಅಲೆಯ ನೀರು ಎಲ್ಲೋ ಒಂದು ಕಡೆ ಕೂಡಿ ಜೋರಾಗಿ ಒಳಕ್ಕೆ ವಾಪಸ್ಸು ಹೋಗ್ತದೆ. ಅಲ್ಲಿ ಅಲೆ ಒಡೆಯೋದು ಕಡಿಮೆ, ನೀರು ಸುಮ್ಮನೆ ಇರೋ ಹಂಗೆ ಕಾಣ್ತದೆ. ಗೊತ್ತಿಲ್ಲದವರು ಅಲ್ಲೇ ಇಳೀತಾರೆ. ಸಿಕ್ಕಿಹಾಕಿಕೊಂಡರೆ ದಂಡೆ ಕಡೆ ಎದುರಾಗಿ ಬಡಿದಾಡಬಾರದು, ತೇಲ್ತಾ ದಂಡೆಗುಂಟ ಪಕ್ಕಕ್ಕೆ ಸರೀಬೇಕು, ಕೈ ಎತ್ತಿ ಕೂಗಬೇಕು. ಪಾಚಿ ಹಿಡಿದ ಕಲ್ಲಿನ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬಾರದು. ಈ ನಾಲ್ಕು ಮಾತು ನಮ್ಮ ಯಾವ ಸಾಲಿಯಾಗೂ ಹೇಳಲ್ಲ. ಪ್ರವಾಸಕ್ಕೆ ಮಾತ್ರ ಎಲ್ಲಾ ಸಾಲಿಯವರೂ ಸಮುದ್ರಕ್ಕೇ ಹೋಗ್ತಾರೆ. ನಾನು ನನ್ನ ಮಕ್ಕಳಿಗೆ ಹೇಳೋಕೆ ಶುರು ಮಾಡೀನಿ.

ದೊಡ್ಡಪ್ಪ: ಹೇಳು, ಒಳ್ಳೇದು. ಆದ್ರೂ ನನ್ನ ಭಯ ಅದಲ್ಲ. ಬಂದರಾಗೆ ಇದ್ದು ನಾನು ಕಂಡದ್ದು ಹೇಳ್ತೀನಿ. ಗಾಳಿ ಕೆಟ್ಟೈತೆ ಅಂದ್ರೆ ಮೀನುಗಾರ ಬಲೆ ಹೊಲೀತಾ ದಡದಾಗೆ ಕೂಡ್ತಾನೆ. ಇವತ್ತು ಇಲ್ಲದಿದ್ರೆ ನಾಳೆ ಅಂತಾನೆ. ನಾಳೆ ಅನ್ನೋದು ಅವನ ಹತ್ರ ಐತೆ. ರಾತ್ರಿ ಇಡೀ ಕುಂತು ಬಂದ ನಿಮ್ಮ ಹತ್ರ ಅದಿಲ್ಲ. ಗಾಡಿ ಬಾಡಿಗಿ ಕೊಟ್ಟೀವಿ, ಸೋಮವಾರ ಸಾಲಿ ಐತೆ, ಇವತ್ತೇ ಹೋಗಬೇಕು ಅಂತೀರಿ. ದೋಣಿಯಾಗೆ ಜಾಗ ಇಲ್ಲ ಅಂದ್ರೂ ಒತ್ತಿ ಕೂಡ್ತೀರಿ. ಸಂಜೆ ಕಡೀ ದೋಣಿ ಅಂದ ಕೂಡ್ಲೇ ಎಲ್ಲರೂ ಅದಕ್ಕೇ ಓಡ್ತೀರಿ. ಕೂರ್ಮಗಡದಾಗೂ ಬರೋ ದೋಣಿಯಾಗೆ ಮಂದಿ ಹೆಚ್ಚಿದ್ದರು. ಸಮುದ್ರ ನಿಮ್ಮ ಒಂದು ದಿನಕ್ಕೆ ಕಾಯಲ್ಲವ್ವ.

(ದೊಡ್ಡಪ್ಪ ಆಡಿದ್ದರಲ್ಲಿ ನನ್ನನ್ನು ತಟ್ಟಿದ ಮಾತು ಇದು. ಹುಡುಗಿಯನ್ನೂ ತಟ್ಟಿರಬೇಕು, ಉತ್ತರ ತಡವಾಗಿ ಬಂತು.)

ಹುಡುಗಿ: ಕಳೆದ ಸಲ ನಾವು ಹೋದ ದಿನ ಬೆಳಿಗ್ಗೆ ದೋಣಿ ಬಿಡೋದು ತಡ ಆಯ್ತು. ಗಾಳಿ ಇತ್ತು. ಅಲ್ಲಿ ಇದ್ದವರೆಲ್ಲ ದೋಣಿಯವರ ಮೇಲೆ ಕೂಗಾಡಿದ್ರು. ನಾವೂ ಯಾವಾಗ ಬಿಡ್ತೀರಿ ಅಂತ ಕೇಳ್ತಾನೇ ಇದ್ವಿ. ಬಿಟ್ಟ ಮೇಲೆ ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು, ಏನೂ ಆಗಲಿಲ್ಲ. ಆದರೆ ನೀವು ಹೇಳಿದ ಅವಸರ ನಮ್ಮೊಳಗೂ ಇತ್ತು.

ದೊಡ್ಡಪ್ಪ: ಅದಕ್ಕೇ ಅಂದೆ.

ಹುಡುಗಿ: ಆದರೆ ದೊಡ್ಡಪ್ಪಾ, ಆ ಅವಸರ ನಮ್ಮ ತಪ್ಪಾ? ದುಡ್ಡಿದ್ದವರು ಅಲ್ಲೇ ಮೂರು ದಿನ ರೂಮು ಹಿಡೀತಾರೆ, ಇವತ್ತು ಗಾಳಿ ಅಂದ್ರೆ ನಾಳೆ ಹೋಗ್ತಾರೆ. ಒಂದೇ ದಿನ ಇರೋರು ಹೋಗಲೇಬಾರದು ಅಂದ್ರೆ ಬಡವರು ಹೋಗಬಾರದು ಅಂದಂಗೆ ಆಯ್ತು. ನೀವು ಬುಟ್ಟಿ ಹೊತ್ತು ಮುಂದಕ್ಕೆ ಹೋದಂಗೆ ನಾವೂ ಹೋಗಬೇಕು ಅಂದಂಗೆ ಆಯ್ತು.

ದೊಡ್ಡಪ್ಪ: ಹಂಗಂದಿಲ್ಲ. ಹೋಗ್ರಿ. ದೋಣಿ ಇಲ್ಲ ಅಂದ್ರೆ ಹತ್ತದೇ ವಾಪಸ್ಸು ಬರೋ ಗಟ್ಟಿತನ ಇಟ್ಟುಕೊಂಡು ಹೋಗ್ರಿ. ನಿಮ್ಮ ಗುಂಪಿನಾಗೆ ಬ್ಯಾಡ ಅನ್ನೋ ಒಬ್ಬಾಕಿ ಇರಬೇಕು. ಆಕಿ ಬ್ಯಾಡ ಅಂದ್ರೆ ಉಳಿದವರು ಕೇಳಬೇಕು.

ಹುಡುಗಿ: ಅಷ್ಟು ದೂರ ಹೋಗಿ, ದಡದಾಗೆ ನಿಂತು, ದ್ವೀಪ ಎದುರಿಗೆ ಕಾಣ್ತಿರುವಾಗ ಬ್ಯಾಡ ಅನ್ನೋದು ಸುಲಭ ಅಂತ ತಿಳಿದೀರಾ?

ದೊಡ್ಡಪ್ಪ: ನಾನು ಎಷ್ಟೋ ವರ್ಷ ಅಂದವನು.

ಹುಡುಗಿ: ನೀವು ಅಂದದ್ದು ದುಡ್ಡಿಲ್ಲದ್ದಕ್ಕೆ, ಈಜು ಬರದ್ದಕ್ಕೆ. ನಾನು ಅನ್ನಬೇಕಾಗಿರೋದು ದುಡ್ಡು ಕೊಟ್ಟ ಮೇಲೆ. ಎರಡೂ ಒಂದೇ ಅಲ್ಲ.

ದೊಡ್ಡಪ್ಪ: ಒಂದೇ ಅಲ್ಲ, ಒಪ್ಪಿದೆ. ನಿಂದೇ ಕಷ್ಟ.

ದೊಡ್ಡವ್ವ: ನೀವಿಬ್ಬರೂ ಆಗಿನಿಂದ ನನ್ನ ಸಲುವಾಗಿ ಜಗಳ ಆಡ್ತೀರಿ, ನನ್ನನ್ನ ಒಬ್ಬರೂ ಕೇಳಲಿಲ್ಲ. ನಾನು ಹೋಗ್ತೀನಿ. ಗಾಳಿ ಇದ್ರೆ ದಡದಾಗೆ ಕುಂತು ನೋಡ್ತೀನಿ, ನನಗೆ ದ್ವೀಪ ಆಗಲೇಬೇಕು ಅಂತ ಇಲ್ಲ. ಗಾಳಿ ಇಲ್ಲದಿದ್ರೆ ದೋಣಿ ಹತ್ತೋಳೇ. ನೀವು ಬರ್ತೀರೇನು?

ದೊಡ್ಡಪ್ಪ: ಎತ್ತಿಗೆ ಮೇವು ಹಾಕೋರು ಯಾರು?

ಹುಡುಗಿ: ಅಪ್ಪ ಹಾಕ್ತಾನೆ. ಒಂದೇ ದಿನ.

ದೊಡ್ಡಪ್ಪ: ಒಂದು ದಿನ ಎರಡು ರಾತ್ರಿ. ನೋಡೋಣ. ಮೊದಲು ಆ ಗಾಡಿಯವನಿಗೆ ಫೋನ್ ಮಾಡಿ ಕೇಳು, ದೋಣಿ ಬಿಡದಿದ್ರೆ ಇನ್ನೊಂದು ದಿನ ನಿಲ್ಲೋಕೆ ಎಷ್ಟು ತಗೊಳ್ತಾನೆ ಅಂತ.